ತೀರಿಹೋದವರ ಕಣ್ಣು ತೆರೆಸುವ ಪ್ರೇಮಲಾ

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೆಲಂಗಾಣ ಹೋರಾಟದ ಮುಷ್ಕರ ನಡೆದಿರುವುದರಿಂದ ಬಸ್ಸಿನ ಸದ್ದೂ ಇಲ್ಲ. ಫೋಟೋ ಸ್ಟುಡಿಯೋದ ಶಟರನ್ನು ಅರ್ಧ ಎತ್ತಿಕೊಂಡು ಪ್ರೇಮಲಾ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಈಗೀಗ ಕರೆಂಟು ಇರುವುದೇ ಈ ಹೊತ್ತಿನಲ್ಲಿ, ಊರು ಏಳುವಷ್ಟರಲ್ಲಿ ಹೋಗಿಬಿಡುತ್ತದೆ. ಪರದೆಯ ಮೇಲೆ ವಯಸ್ಸಾದವರೊಬ್ಬರ ಮುಖ. ಹಣೆ ತುಂಬ ವಿಭೂತಿ, ಮುಚ್ಚಿದ ಕಣ್ಣು. ಪ್ರೇಮಲಾ ಆ ಕಣ್ಣು ತೆರೆಸುತ್ತಿದ್ದಾರೆ.

ಈ ಕಡೆಯ ಲಿಂಗಾಯತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ಮುಂಚೆ ಅವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮನೆಮಂದಿಯೆಲ್ಲ ಸುತ್ತ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದಿನ ಎಷ್ಟೋ ಜನರಿಗೆ ಇರುವುದು ಅದೊಂದೇ ಫೋಟೋ. ಬದುಕಿದ್ದಾಗ ಅವರು ಕ್ಯಾಮೆರಾ ಕಂಡವರಲ್ಲ, ಹೋದ ಮೇಲೆ ಕ್ಯಾಮೆರಾ ಅವರನ್ನು ಕಂಡಿತು ಅಷ್ಟೆ. ಮೊಮ್ಮಕ್ಕಳು ಆ ಫೋಟೋ ತಂದು, ಕಣ್ಣು ತೆರೆಸಿ ದೊಡ್ಡದು ಮಾಡಿಕೊಡಿ ಎನ್ನುತ್ತಾರೆ.

ಪ್ರೇಮಲಾ ಕಣ್ಣನ್ನು ಮನಸ್ಸಿಗೆ ಬಂದಂತೆ ಬರೆಯುವವರಲ್ಲ. ಅದೇ ವಂಶದ ಯಾರದಾದರೂ ಫೋಟೋದಿಂದ ಕಣ್ಣನ್ನು ಎರವಲು ತರುತ್ತಾರೆ. ಅದಕ್ಕೆಂದೇ ಫೇಸ್‌ಬುಕ್ಕಿನಲ್ಲಿ 'ನಮ್ಮ ಬಳಗ' ಎಂದು ಗುಂಪು ಕಟ್ಟಿದ್ದಾರೆ. ಹಳೆಯ ಫೋಟೋ ಹಾಕಿದರೆ ಸೊಲ್ಲಾಪುರ, ಪುಣೆ, ಕಲಬುರಗಿ, ತಾಂಡೂರಿಗೆ ಚದುರಿಹೋದ ದೂರದ ನೆಂಟರು ಒಂದೊಂದೇ ಮುಖ ಗುರುತಿಸುತ್ತಾ ಹೋಗುತ್ತಾರೆ.

"ಒಬ್ರು ಸೋದರತ್ತಿ ಅಂತಾರ, ಇನ್ನೊಬ್ರು ಅಲ್ಲ, ಆಕಿ ಬಾಜೂ ಮನಿಯಾಕಿ ಅಂತಾರ. ಅವರ ಜಗಳಾ ಮುಗಿಯೋತನಕ ನಾ ಕೆಲಸಕ್ಕ ಕೈ ಹಚ್ಚಂಗಿಲ್ರಿ," ಎಂದು ಪ್ರೇಮಲಾ ನಗುತ್ತಾರೆ.

ಆದರೆ ದೀಪದ ಬುಡದಲ್ಲಿ ಕತ್ತಲು ಎಂಬಂತೆ, ತಮ್ಮ ಹೆತ್ತ ತಾಯಿಯ ಮುಖ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ತಾಯಿ ಈಶಮ್ಮ ತೀರಿಕೊಂಡಾಗ ಪ್ರೇಮಲಾ ಇನ್ನೂ ಮೊಲೆ ಕುಡಿಯುವ ಕೂಸು. ಅಪ್ಪ ಬೇರೆ ಮದುವೆಯಾದರು, ತಾಯಿಯ ಕಡೆಯವರೊಂದಿಗೆ ಹೋಗಿಬರುವುದು ನಿಂತೇಹೋಯಿತು. ಮೊಗುಡಂಪಲ್ಲಿಯಲ್ಲಿ ಸಾಕಿದವರು ಅಪ್ಪನ ತಾಯಿ. ಅವರ ಟ್ರಂಕಿನಲ್ಲಿ ಅರ್ಧ ಹರಿದ ಫೋಟೋ ಒಂದಿತ್ತು. ಅದರಲ್ಲಿ ಸಾಲಾಗಿ ಕೂತ ಹೆಂಗಸರು, ಒಬ್ಬಾಕೆಯ ಮಡಿಲಲ್ಲಿ ಮಗು. ಆ ಮಗು ನೀನೇ ಎಂದಿದ್ದರು ಅಜ್ಜಿ. ಮಗು ತಾನಾದರೆ ಎತ್ತಿಕೊಂಡಾಕೆ ತಾಯಿಯೇ ಇರಬೇಕಲ್ಲ? ಅಜ್ಜಿ ಹೋದ ಮೇಲೆ ಸ್ಟುಡಿಯೋ ಕೆಲಸ ಕಲಿತ ಪ್ರೇಮಲಾ ಮೊದಲು ಮಾಡಿದ್ದು ಆ ಮುಖವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಿದ್ದು. ಪ್ರತಿ ಸೋಮವಾರ ವಿಭೂತಿ ಹಚ್ಚಿ ಹಾರ ಹಾಕುತ್ತಿದ್ದರು.

ಈ ಮುಷ್ಕರ ಶುರುವಾಗುವ ಹೊತ್ತಿಗೆ, ಉಳಿದ ಹೆಂಗಸರು ಯಾರು ಎಂದು ತಿಳಿಯಲು ಆ ಅರ್ಧ ಫೋಟೋವನ್ನು ಗುಂಪಿಗೆ ಹಾಕಿದರು. ತಾಂಡೂರಿನ ಆನಂದಕುಮಾರ ಎಂಬ ಅಪರಿಚಿತ ನೆಂಟ ಉತ್ತರ ಬರೆದರು: "ಕೂಸು ಹಿಡದಾಕಿ ನಮ್ಮವ್ವ ಗುರುಲಿಂಗಮ್ಮ. ಸಿರ್ಗಾಪುರದಾಗ ಗಟ್ಟಿಮುಟ್ಟಾಗಿ ಅದಾಳ." ಜೊತೆಗೆ, ತಮ್ಮ ಮನೆಯಲ್ಲಿದ್ದ ಇಡೀ ಫೋಟೋವನ್ನೂ ಕಳಿಸಿದ್ದರು.

ಹರಿದುಹೋದ ಭಾಗದಲ್ಲಿ ಈಶಮ್ಮ ಇದ್ದರು. ಗೋಡೆಗೆ ಒರಗಿ ಕೂತಿದ್ದರು. ಕೊರಳಲ್ಲಿ ಹೂವು, ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು. ಇಂಥ ಫೋಟೋಗಳನ್ನು ದಿನವೂ ನೋಡುವ ಪ್ರೇಮಲಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಜೀವಂತ ಇದ್ದಾಕಿಗೆ ಹಾರ ಹಾಕಿ ಕೈ ಮುಗದೀನಲ್ಲ, ಎಂಥಾ ಪಾಪ ಆತ್ರಿ," ಎನ್ನುತ್ತಾರೆ.

ಸಿರ್ಗಾಪುರಕ್ಕೆ ಓಡಿಹೋಗೋಣವೆಂದರೆ ಬಸ್ಸಿಲ್ಲ. ವಾರಗಟ್ಟಲೆ ಕಾದು, ಕೊನೆಗೆ ನಾರಾಯಣಖೇಡದ ಕಡೆ ಹೊರಟ ಜೀಪೊಂದನ್ನು ಹತ್ತಿದರು. ಗುರುಲಿಂಗಮ್ಮ ಈಶಮ್ಮನ ಚಿಕ್ಕಪ್ಪನ ಮಗಳು, ಪ್ರೇಮಲಾಗೆ ಚಿಗವ್ವ ಆಗಬೇಕು. ಹಾರದ ಸಂಗತಿ ಕೇಳಿ ಮುದುಕಿ ನಕ್ಕುಬಿಟ್ಟರು. "ನೀ ಹಾರ ಹಾಕಿದ್ದಕ್ಕ ನೋಡವಾ, ನನ್ನ ಆಯುಷ್ಯ ಹೆಚ್ಚಾಗ್ಯಾದ," ಎಂದರು. ಸ್ವಲ್ಪ ಹೊತ್ತಿಗೆ ಅದೇ ಮುಖ ಸೆರಗಿನೊಳಗೆ ಹೋಯಿತು. "ಆ ಫೋಟೋ ತಗದ ದಿನ ನೀ ಹಸದು ಒಂದೇ ಸವನ ಅಳ್ತಿದ್ದಿ. ನನ್ನ ಮಗಾನೂ ಸಣ್ಣಾಂವ ಇದ್ದ. ನಾನೇ ಹಾಲು ಕೊಟ್ಟೆ. ಆಮ್ಯಾಲ ನಿಮ್ಮಪ್ಪ ನಿನ್ನ ನೋಡಾಕೂ ಬಿಡಲಿಲ್ಲ."

ನಲವತ್ತು ದಾಟಿದ ಹೆಂಗಸು ಆ ದಿನ ಚಿಗವ್ವನ ತೊಡೆಯ ಮೇಲೆ ತಲೆ ಇಟ್ಟು ಮನಸಾರೆ ಅತ್ತರು. ಅಳಬೇಕಾದದ್ದೇ.

ಈಗ ಗುಂಪಿನವರೆಲ್ಲರದೂ ಒಂದೇ ಮಾತು, ಈಶಮ್ಮನ ಕಣ್ಣು ತೆರೆಸು. ಈಶಮ್ಮನಿಗೆ ಒಡಹುಟ್ಟಿದವರಿಲ್ಲ, ಎರವಲು ತರಲು ಎಲ್ಲಕ್ಕಿಂತ ಹತ್ತಿರದ್ದು ಮಗಳ ಕಣ್ಣೇ. "ನಿನ್ನ ಕಣ್ಣ ಅಕ್ಕನ ಕಣ್ಣೇ, ಅವನ್ನೇ ಇಡು," ಎಂದು ಚಿಗವ್ವನೂ ಹೇಳಿ ಕಳಿಸಿದ್ದರು. ಪ್ರೇಮಲಾ ಹಾಗೇ ಮಾಡಿದರು. ತಮ್ಮದೇ ಫೋಟೋ ತೆಗೆದು, ತಮ್ಮ ಕಣ್ಣುಗಳನ್ನು ತಾಯಿಯ ಮುಖದ ಮೇಲೆ ಕೂರಿಸಿದರು.

"ಚಲೋ ಕೂತ್ವು. ಆದ್ರ ನಾನೇ ನನ್ನ ನೋಡ್ಕೊಂಡಂಗ ಇತ್ರಿ. ಅವ್ವ ನೋಡಿದಂಗ ಆಗಲಿಲ್ಲ. ಆ ಕಣ್ಣ ತಗದು, ಮೊದಲಿನಂಗ ಮುಚ್ಚಿದ ಕಣ್ಣೇ ಬಿಟ್ಟೆ," ಎನ್ನುವಾಗ ಅವರ ದನಿ ಗಟ್ಟಿಯಾಗೇ ಇದೆ. "ಆಕಿ ಹೋದಾಗ ಕಣ್ಣು ಮುಚ್ಚಿದವರು ಯಾರೋ ಏನೋ. ನಾ ಕೂಸು. ಈಗರ ನನ್ನ ಕೈಲೇ ಮುಚ್ಚಿದಂಗಾತಲ್ರಿ."