ಸೀಟಿಗಾಗಿ ಒಂದು ಜಗಳ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಾವಳಿಯಿಂದ ಬಾಳೂರು ಕಡೆಯ ಒಂದು ಎಸ್ಟೇಟಿಗೆ ದಿನಾ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಕೂಲಿಯಾಳುಗಳ ಲೈನ್‌ಮನೆಗಳ ಮಕ್ಕಳ ಶಿಶುವಿಹಾರ ನೋಡಿಕೊಳ್ಳುವುದು ನನ್ನ ಕೆಲಸ. ಬಸ್ಸು ನಂಬಿದರೆ ಮಕ್ಕಳ ಊಟದ ಹೊತ್ತಿಗೆ ತಲುಪಬೇಕು. ಸೈಕಲ್ ಹೋದರೆ ಕೆಲಸವೂ ಹೋದಂತೆಯೇ.

ಅಣ್ಣ ಬೈಕು ತಗೊಂಡ ಮೇಲೆ ಅವನ ಹಳೇ ಸೈಕಲ್ ನನಗೆ ಬಂದಿತ್ತು. ಅದರ ಸೀಟು ಇದೆಯಲ್ಲ, ಶನಿ! ಮೂತಿ ಉದ್ದ, ಹಿಂದೆ ಅಂಗೈಯಗಲ. ಒಂದೊಂದು ಹೊಂಡಕ್ಕೂ ಪ್ರಾಣ ಬಾಯಿಗೆ ಬರುತ್ತಿತ್ತು. ಎಲ್ಲಿ ನೋವು ಅಂತ ಯಾರಿಗೆ ಹೇಳಲಿ? ಹೇಳಿದರೆ ಸೈಕಲ್ ಬಿಡು ಅನ್ನುತ್ತಾರೆ. ಗುಟ್ಟಾಗಿ ಸ್ಪಂಜಿನ ಕವರ್ ಹಾಕಿಸಿದೆ. ನಮ್ಮ ಮಳೆಗೆ ಅದು ನೀರು ಕುಡಿದು, ಇಳಿದಾಗ ಚೂಡಿದಾರದ ಹಿಂಭಾಗವೆಲ್ಲ ಒದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಿಸಕ್ಕೆಂದ ದಿನ ಅದನ್ನು ಕಿತ್ತು ಚರಂಡಿಗೆ ಎಸೆದೆ.

ಒಂದು ಸಂಜೆ ನಾನು ಮಣೆಯ ಮೇಲೆ ಓರೆಯಾಗಿ ಕೂತದ್ದು ಅವ್ವನ ಕಣ್ಣಿಗೆ ಬಿತ್ತು.

"ಹೆಣ್ಮಕ್ಳ ಮೈಗೆ ಆಗೋದಲ್ಲ ಅದು," ಎಂದಳು.

"ಸೈಕಲ್ ಮಾರಿಬಿಡಣ. ಕೆಲ್ಸಾನೂ ಬ್ಯಾಡ," ಎಂದರು ಅಪ್ಪ.

ನನಗೆ ಪಿತ್ತ ನೆತ್ತಿಗೇರಿತು. "ಚಪ್ಪಲಿ ಕಚ್ಚಿದ್ರೆ ಚಪ್ಪಲಿ ಬದ್ಲಾಯಿಸ್ತೀರೋ, ನಡಿಯೋದೇ ಬಿಡ್ತೀರೋ? ನೋಯ್ತಿರೋದು ಸೀಟಿಂದ. ನಾನು ಹೆಣ್ಣಾಗಿರೋದ್ರಿಂದ ಅಲ್ಲ!"

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೊರಟರು.

ಭಾನುವಾರ ಮೂಡಿಗೆರೆಯ ಸೈಕಲ್ ಅಂಗಡಿಗೆ ಹೋದೆ. ಕೂತು ನೋಡಿಯೇ ಸೀಟು ತಗೊಳ್ಳುತ್ತೇನೆ ಅಂದದ್ದಕ್ಕೆ ಅಂಗಡಿಯವರು ಗಾಬರಿಯಾದರು.

"ಸೀಟೇನು ಬಳೆಯಾ ಮಾರಾಯ್ತಿ, ಹಾಕ್ಕಂಡು ನೋಡೋಕೆ! ನಿಮ್ಮಣ್ಣನ್ನ ಕಳ್ಸು, ಅವ್ನು ನೋಡ್ತಾನೆ."

"ಅವ್ನು ಕೂತ್ರೆ ನಂಗೆ ಗೊತ್ತಾಗತ್ತಾ?"

ಪಕ್ಕದ ಹೋಟೆಲಿನ ಬೆಂಚಿನವರೆಲ್ಲ ಟೀ ಲೋಟ ಹಿಡಿದೇ ಇತ್ತ ತಿರುಗಿದರು. ನೋಡಲಿ! ಒಂದು ಸೀಟು ಹಾಕಿಸಿ ಬಸ್‌ಸ್ಟ್ಯಾಂಡಿನ ತನಕ ಹೋಗಿಬಂದೆ, ಚುಚ್ಚಿತು. ಇನ್ನೊಂದು ಮೆತ್ತಗಿತ್ತು, ಆದರೆ ತೊಡೆ ಉಜ್ಜಿತು. ಗೊಣಗುತ್ತಲೇ ಅವರು ಅಟ್ಟದಿಂದ ಅಗಲವಾದ, ಗಿಡ್ಡ ಮೂತಿಯ, ಕೆಳಗೆ ಸ್ಪ್ರಿಂಗಿದ್ದ ಒಂದು ಸೀಟು ತೆಗೆದರು. ಕೂತೆ. ಅಬ್ಬಾ! ಆವತ್ತೇ ನನಗೆ ತಿಳಿದದ್ದು, ಸೈಕಲ್ಲಿನ ಮೇಲೆ ನೋವಿಲ್ಲದೆ ಸುಮ್ಮನೆ ಕೂರುವುದೂ ಸಾಧ್ಯ ಅಂತ. ಅದನ್ನೇ ಹಾಕಿ, ಮೂತಿಯನ್ನು ಸ್ವಲ್ಪ ತಗ್ಗಿಸಿ ಅಂದೆ. ಅವರು ಸ್ಪ್ಯಾನರ್ ಎತ್ತಿಕೊಂಡರು.

ಮನೆಗೆ ಬಂದರೆ ಜಗಲಿಯಲ್ಲಿ ಪಕ್ಕದ ತೋಟದ ಯಜಮಾನರು ಕಾಫಿ ಕುಡಿಯುತ್ತಿದ್ದರು. ಸೈಕಲ್ ಕೊಳ್ಳಲು ಅಪ್ಪನೇ ಬರಹೇಳಿದ್ದರು. ನಾನು ಹ್ಯಾಂಡಲ್ ಬಿಡದೆ ಅಂಗಳದಲ್ಲೇ ನಿಂತೆ. ಅಪ್ಪ ಹೊಸ ಸೀಟನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಈಗ... ನೋವು?"

ಬಾಗಿಲ ಹಿಂದಿನಿಂದ ಅವ್ವ ಇವರೆದುರು ಹೇಳಬೇಡ ಅಂತ ಕಣ್ಣುಸನ್ನೆ ಮಾಡುತ್ತಿದ್ದಳು. ನಾಚಿಕೊಂಡು ಒಳಗೆ ಹೋದರೆ ನಾಳೆ ಸೈಕಲ್ ಇರುವುದಿಲ್ಲ.

"ಏರು ತುಳಿದು ಕಾಲು ನೋಯ್ತಿದೆ ಅಪ್ಪ. ಕುಂಡೆ ಆರಾಮಾಗಿದೆ. ಸೈಕಲ್ ನಾನು ಕೊಡಲ್ಲ."

ಯಜಮಾನರಿಗೆ ಕಾಫಿ ನೆತ್ತಿಗೆ ಹತ್ತಿತು. ಅವರ ಕೆಮ್ಮು ನಿಲ್ಲುವ ತನಕ ಅಪ್ಪ ಕಾದರು. ಆಮೇಲೆ ಅವರ ಕಡೆ ತಿರುಗಿ, "ಕೇಳಿದ್ರಲ್ಲ," ಎಂದರು.