ಮಸಿಕೋಣೆಯ ಮಾವ

ನನ್ನ ಸೋದರಮಾವ ಟಯರ್ ಕಾರ್ಖಾನೆಯ ಮಸಿಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ರಬ್ಬರಿಗೆ ಮಸಿಯ ಪುಡಿ ಬೆರೆಸುವುದು ಅವರ ಕೆಲಸ. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಬೆಳಗಾಗುವಷ್ಟರಲ್ಲಿ ದಿಂಬಿನ ಮೇಲೆ ತಲೆಯ ಗುರುತು ಕಪ್ಪಗೆ ಮೂಡಿರುತ್ತಿತ್ತು.

ಕಾರ್ಖಾನೆಯ ಬಾಗಿಲಲ್ಲಿ ಟಯರುಗಳನ್ನು ಪೇರಿಸಿ ಮಾಡಿದಂಥ ಒಬ್ಬ ಗುಂಡಣ್ಣನ ಬೊಂಬೆಯಿತ್ತು. ಅದೇ ಕಂಪನಿಯ ಗುರುತು, ಹಾಲಿನಂಥ ಬಿಳುಪು.

"ಟಯರ್ ಕಪ್ಪು, ಇವನ್ಯಾಕೆ ಬೆಳ್ಳಗಿದಾನೆ ಮಾವ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.

"ಇವನು ಹುಟ್ಟಿದಾಗ ಟಯರೂ ಬೆಳ್ಳಗೇ ಇತ್ತು ಕಣೋ. ಆದರೆ ಬೇಗ ಸವೀತಿತ್ತು. ಮಸಿ ಬೆರೆಸಿದ್ಮೇಲೆ ಅದರ ಆಯಸ್ಸು ಹೆಚ್ಚಿತು. ಇವನನ್ನ ಮಾತ್ರ ಯಾರೂ ನಮ್ಮ ಕೋಣೆಗೆ ಕಳಿಸಲಿಲ್ಲ. ಪುಣ್ಯವಂತ."

ಮಾವನಿಗೆ ಕೆಮ್ಮು ಕಚ್ಚಿಕೊಂಡಿತು. ಮಸಿಯಿಂದ ಹೊರಬರದಿದ್ದರೆ ಬದುಕುವುದು ಕಷ್ಟವೆಂದು ವೈದ್ಯರು ಹೇಳಿದರು. ಅದೇ ಸಮಯಕ್ಕೆ ಕಂಪನಿ ಸೈಕಲ್ಲಿಗೆ ಕೆಂಪು, ಹಸಿರು ಟಯರುಗಳನ್ನು ಮಾಡಲು ಹೊರಟಿತ್ತು. ಆ ಹೊಸ ಕೋಣೆಯಲ್ಲಿ ಮಸಿಯಿಲ್ಲ, ಅದರ ಬದಲು ಬಿಳಿಯ ಪುಡಿ. ಮಾವ ಅರ್ಜಿ ಹಾಕಿದರು. ಆದರೆ ಒಂದು ಚುಕ್ಕೆ ಮಸಿ ಬಿದ್ದರೂ ಬಣ್ಣ ಕೆಡುತ್ತದೆಂದು, ಹಳಬರ ಮೈಯನ್ನು ಒದ್ದೆ ಬಿಳಿಬಟ್ಟೆಯಿಂದ ಒರೆಸಿ ನೋಡಿಯೇ ಅಲ್ಲಿಗೆ ಸೇರಿಸಿಕೊಳ್ಳುತ್ತಿದ್ದರು.

ಮಾವ ಮೂರು ವಾರ ರಜೆ ಹಾಕಿದರು. ಅತ್ತೆ ದಿನಕ್ಕೆರಡು ಸಲ ಎಣ್ಣೆ ಹಚ್ಚಿ, ಸೋಪು ಹಾಕಿ ತಿಕ್ಕಿದರು.

"ಚರ್ಮ ಕಿತ್ತು ಬರತ್ತೆ ಕಣೇ."

"ಬರಲಿ ಬಿಡಿ. ಒಳಗೆ ಯಾರಾದರೂ ಬೆಳ್ಳಗಿರೋರು ಸಿಗ್ತಾರೇನೋ ನೋಡೋಣ."

ಪರೀಕ್ಷೆಯ ದಿನದ ಸಂಗತಿಯನ್ನು ಆ ಹೊಸ ಕೋಣೆಯ ಮೇಲ್ವಿಚಾರಕರೇ ಎಷ್ಟೋ ಕಾಲದ ಮೇಲೆ ನನಗೆ ಹೇಳಿದರು. ಕತ್ತು, ಕಿವಿಯ ಹಿಂಭಾಗ, ಬೆರಳ ಸಂದು, ಎಲ್ಲಿ ಒರೆಸಿದರೂ ಬಟ್ಟೆ ಬೆಳ್ಳಗೇ ಇತ್ತಂತೆ.

"ಗೆದ್ದೆ ಬಿಡಪ್ಪ, ಕೈ ಒರೆಸಿಕೋ" ಎಂದು ಬಟ್ಟೆಯನ್ನು ಕೊಟ್ಟು ಅವರು ಬಾಗಿಲು ತೆಗೆಯಲು ತಿರುಗಿದರು. ಮಾವ ನಗಲು ಹೋದರು, ಕೆಮ್ಮು ಬಂತು. ಅದೇ ಬಟ್ಟೆಯನ್ನು ಬಾಯಿಗೊತ್ತಿಕೊಂಡರು. ತೆಗೆದು ನೋಡಿದರೆ ಅದರಲ್ಲಿ ಕಪ್ಪು ಕಫ. ಮಡಚಿ ಜೇಬಿಗಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸ್ವಾಮಿ, ಇದನ್ನೂ ನೋಡಿಬಿಡಿ" ಎಂದರಂತೆ. "ಒಳಗೆ ಕೆಮ್ಮಿದರೆ ನಿಮ್ಮ ಕೆಂಪು ಟಯರ್ ಕೆಡತ್ತೆ."

ಮನೆಗೆ ಬಂದಾಗ ಅತ್ತೆ, "ಏನಂದ್ರು?" ಎಂದರು.

"ನಾಳೆಯಿಂದ ಹಳೇ ಕೋಣೆಗೇ."

ಅತ್ತೆ, ನೆಲ ಒರೆಸಲೆಂದು ಮೂಲೆಗೆ ಹಾಕಿದ್ದ ಮಾವನ ಕೆಲಸದ ಅಂಗಿಯನ್ನು ಎತ್ತಿಕೊಂಡು ಹೋಗಿ, ಒಗೆದು ಒಣಹಾಕಿದರು. ಮಾವ ಇನ್ನೆರಡು ವರ್ಷ ಅದನ್ನೇ ತೊಟ್ಟು ಕೆಲಸಕ್ಕೆ ಹೋದರು. ಆಮೇಲೆ ಹೋಗಲು ಅವರೇ ಉಳಿಯಲಿಲ್ಲ.