ನಾನೇ ಅಂಟಿಸಿದ ಕ್ಯಾಪು

ಸುಮಾ, ನನ್ನ ಹಲ್ಲು ಕೆಟ್ಟದ್ದು ನಿನ್ನ ಕೈಯಿಂದಲ್ಲ. ಕೆಡಿಸಿಕೊಂಡವಳು ನಾನು. ಕೆಡಿಸಿಕೊಂಡು, ಅದನ್ನು ಸೊಸೆಯಾದ ನಿನ್ನ ತಲೆಗೆ ಕಟ್ಟಿದೆ — ಬೇಕೆಂದೇ.

ತಿಲಕ್ ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನೀನು ಆಗಷ್ಟೇ ಹಲ್ಲಿನ ಕ್ಲಿನಿಕ್ಕು ತೆರೆದಿದ್ದೆ. ಅಲ್ಲಿ ಮೊದಲ ರೂಟ್ ಕೆನಾಲ್ ನನಗೇ ಮಾಡಿದೆ. ಬೇರಿನ ಒಳಗೆಲ್ಲ ತೊಳೆದು, ತುಂಬಿ, ಮೇಲೆ ಕ್ಯಾಪು ಕೂರಿಸಿದ ಮೇಲೆ ನೀನು ಹೇಳಿದ್ದು ಇಷ್ಟೇ: "ಅತ್ತೆ, ಆ ಕಡೆ ಅಡಿಕೆ ಅಗೀಬೇಡಿ. ಕ್ಯಾಪ್ ಅಲ್ಲಾಡಿದ್ರೆ ತಕ್ಷಣ ಹೇಳಿ, ಬೈಯಲ್ಲ."

"ನನ್ನ ಬೈಯೋಕೆ ನೀನ್ಯಾರೇ?" ಎಂದೆ ನಾನು.

ಅಗಿದೆ. ಕ್ಯಾಪು ಕಳಚಿ ನಾಲಿಗೆಗೆ ಬಂತು. ನಿನ್ನ ಮುಂದೆ ತಲೆ ತಗ್ಗಿಸಲು ಮನಸ್ಸು ಒಪ್ಪಲಿಲ್ಲ. ಅದನ್ನು ಅಡಿಕೆ ಡಬ್ಬಿಯಲ್ಲಿ ಬಚ್ಚಿಟ್ಟು ವಾರಗಟ್ಟಲೆ ಹಾಗೇ ಉಂಡೆ. ತೆರೆದ ಹಲ್ಲಿನೊಳಗೆ ಅನ್ನ, ಸಾರು, ಎಲೆಅಡಿಕೆ ರಸ, ಎಲ್ಲ ಇಳಿಯಿತು. ಆಮೇಲೆ ಚಪ್ಪಲಿಗೆ ಹಚ್ಚುವ ಗೋಂದು ಹಚ್ಚಿ ನಾನೇ ಒತ್ತಿ ಕೂರಿಸಿಕೊಂಡೆ.

ಒಸಡು ಊದಿತು. ಕೀವು ಬಂತು. ನೀನು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. "ನನ್ನ ಕೈಲೇ ಏನೋ ತಪ್ಪಾಗಿದೆ ಅತ್ತೆ. ಒಸಡು ಕುಯ್ಯೋದೂ ಬೇಡ, ಹಲ್ಲು ಕೀಳೋದೂ ಬೇಡ — ಹಳೇದೆಲ್ಲ ತೆಗೆದು, ತೊಳೆದು, ಮತ್ತೆ ತುಂಬಬೋದು. ನಮ್ಮ ಸರ್ ಚೆನ್ನಾಗಿ ಮಾಡ್ತಾರೆ."

ಆಗಲಾದರೂ ಹೇಳಬಹುದಿತ್ತು. ನಿನ್ನ ಮುಖ ಸಪ್ಪಗಾದದ್ದು ನೋಡಿ ನನಗೆ — ಹೇಳಲು ನಾಚಿಕೆ — ಹಿತವಾಯಿತು.

ಜಯನಗರದ ಆ ಸರ್ ನಿನಗೆ ಕಾಲೇಜಿನಲ್ಲಿ ಪಾಠ ಹೇಳಿದವರು. ತಮ್ಮ ಕ್ಲಿನಿಕ್ಕಿಗೆ ನಿನ್ನನ್ನೂ ಸೇರಿಸಿಕೊಳ್ಳುವ ಮಾತಾಡಿದ್ದರು. ನೀನು ಆ ಕರೆಗೇ ಕಾಯುತ್ತಿದ್ದೆ. ಅವತ್ತು ನನ್ನನ್ನು ಅವರಲ್ಲಿಗೆ ಕರೆತಂದು, ನೀನು ನನ್ನ ಚೀಲ ಹಿಡಿದು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಅವರು, "ಏನಜ್ಜಿ, ಇನ್ನೂ ಕಬ್ಬು ಕಡೀತೀರಾ?" ಎಂದರು.

"ನಿಮ್ ಬೆರಳು ಕಡೀತೀನಿ, ಬೇಗ ಮುಗ್ಸಿ."

ನಕ್ಕರು. ಕ್ಯಾಪು ಕಿತ್ತ ಮೇಲೆ ನಗು ನಿಂತಿತು. ಅದನ್ನು ದೀಪಕ್ಕೆ ಹಿಡಿದು, ಮೂಸಿ ನೋಡಿ, "ಇದನ್ನ ಅಂಟಿಸಿದ್ದು ಯಾರು?" ಎಂದರು.

"ನನ್ನ ಸೊಸೆ."

ಮತ್ತೇನೂ ಕೇಳಲಿಲ್ಲ. ನಿನ್ನೆದುರೂ ಆ ಮಾತೆತ್ತಲಿಲ್ಲ. ನನ್ನ ಹಲ್ಲು ಉಳಿಸಿಕೊಟ್ಟರು. ನಿನ್ನನ್ನು ಮಾತ್ರ ಕರೆಯಲೇ ಇಲ್ಲ. ಫೋನು ಮಾಡಿದರೆ "ನೋಡೋಣಮ್ಮ" ಎಂದರಂತೆ. ಯಾಕೆಂದು ನಿನಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ಕೈಮೇಲೆ ನಿನಗೇ ನಂಬಿಕೆ ಹೋಯಿತು. ರೋಗಿಯ ಬಾಯಿ ತೆರೆಸಿ ಸುಮ್ಮನೆ ನಿಂತುಬಿಡುತ್ತಿದ್ದೆ. ಕೊನೆಗೆ ರೋಗಿಗಳನ್ನು ಕೂರಿಸುವ ಆ ದೊಡ್ಡ ಕುರ್ಚಿಯನ್ನೂ ಮಾರಿದೆ. ಈಗ ಬಿಟಿಎಂ ಲೇಔಟಿನ ಇನ್ಶೂರೆನ್ಸ್ ಆಫೀಸಿನಲ್ಲಿ ಯಾರ್ಯಾರದೋ ಆಸ್ಪತ್ರೆ ಬಿಲ್ಲು ನೋಡುತ್ತೀಯ. ಆ ಮುಂದಿನ ಕೋಣೆಯಲ್ಲಿ ನಾನು ಮಲಗುತ್ತೇನೆ.

ಸರ್ ಹತ್ತಿರ ಹೋಗಿ ನಿಜ ಹೇಳೋಣವೆಂದು ಹೊರಡುವಷ್ಟರಲ್ಲಿ ಅವರು ತೀರಿಕೊಂಡರು — ಇಲ್ಲ, ಇದೂ ಸುಳ್ಳು. ನಾನು ಹೊರಡಲೇ ಇಲ್ಲ. ಆ ಸುದ್ದಿ ಬಂದಾಗ ನೀನು ಅಡುಗೆಮನೆಯಲ್ಲಿ ಅಳುತ್ತಿದ್ದೆ. ನಾನು, ಸದ್ಯ, ಇನ್ನು ಹೇಳುವವರು ಯಾರೂ ಇಲ್ಲ ಎಂದು ಉಸಿರು ಬಿಟ್ಟೆ. ಅಂಥವಳು ನಾನು.

ಕ್ಷಮಿಸು ಅನ್ನುವುದಿಲ್ಲ. ಕ್ಷಮಿಸಿದರೂ ಏನು ವಾಪಸ್ ಬರುತ್ತದೆ?

ಇವತ್ತು ಬೆಳಿಗ್ಗೆಯೂ ನೀನು ಅಕ್ಕಿರೊಟ್ಟಿಯನ್ನು ಸಣ್ಣಗೆ ಮುರಿದು ನನ್ನ ತಟ್ಟೆಗೆ ಹಾಕಿದೆ. "ಆ ಹಲ್ಲು ನೋಯ್ತಿಲ್ಲ ತಾನೇ ಅತ್ತೆ?" ಎಂದು ಕೇಳಿದೆ.

ಇಲ್ಲ ಸುಮಾ. ಅದು ನೋಯುವುದೇ ಇಲ್ಲ.